ಉಬ್ಬಿ ಕಂಡ ಕೆರೆ

ಚಾಮರಾಜನಗರದ ಸರ್ವೆ ಆಫೀಸಿನಲ್ಲಿ ಬೆಳಗಿನ ಹತ್ತಕ್ಕೆ ರೂಪಶ್ರೀ ತನ್ನದೇ ನಕ್ಷೆ ನೋಡುತ್ತ ಬೆವೆತುಹೋದಳು.

ಹಂಗಳ ಗ್ರಾಮದಾಚೆ, ಕಾಡಿನಂಚಿನ ಕೆರೆಯ ಏರಿ ಜಿನುಗುತ್ತಿತ್ತು. ಒಡೆದರೆ ನೀರು ಯಾವ ಕಡೆ ನುಗ್ಗೀತೆಂದು ತಿಳಿಯಲು ಮೂರು ದಿನದ ಹಿಂದೆ ಅವಳೇ ಡ್ರೋನ್ ಹಾರಿಸಿ, ಫೋಟೊಗಳನ್ನು ಜೋಡಿಸಿ, ನೆಲದ ಏರುತಗ್ಗಿನ ನಕ್ಷೆ ಮಾಡಿದ್ದಳು. ನೀರು ಪೂರ್ವದ ಹೊಲಗಳಿಗೆ ಹೋಗುತ್ತದೆ ಎಂದಿತ್ತು ನಕ್ಷೆ. ಅದನ್ನು ನಂಬಿ ಪಶ್ಚಿಮದ ಕಾಲೋನಿಯ ನಲವತ್ತು ಮನೆಯವರಿಗೆ, ಇದ್ದಲ್ಲೇ ಇರಿ, ಎಂದು ಹೇಳಿಯೂ ಬಂದಿದ್ದಳು.

ಈಗ ಅದೇ ನಕ್ಷೆಯಲ್ಲಿ ದಡದುದ್ದಕ್ಕೂ ನೀರಂಚಿನ ಮಟ್ಟ ಓದಿದರೆ, ಎರಡು ತುದಿಗಿಂತ ನಡುವಿನ ಅಂಚು ಒಂದೂವರೆ ಮೀಟರ್ ಮೇಲಿತ್ತು. ನಿಂತ ನೀರು ಗುಡ್ಡೆಯಾಗುವುದುಂಟೇ? ಕ್ಯಾಮೆರಾ ನೇರ ಕೆಳಕ್ಕೇ ನೋಡುವಂತೆ ಹಾರಿಸಿದ್ದಳು. ಲೆನ್ಸಿನ ಸಣ್ಣ ತಪ್ಪು ಫೋಟೊದಿಂದ ಫೋಟೊಗೆ ಕೂಡುತ್ತ ಹೋಗಿ ಇಡೀ ನೆಲವನ್ನು ಬೋರಲು ಹಾಕಿದ ಬಾಣಲೆಯಂತೆ ಬಗ್ಗಿಸಿತ್ತು.

ಅರಣ್ಯ ಇಲಾಖೆಯ ವಾಚರ್ ಚಿಕ್ಕಮಾದುವಿಗೆ ಫೋನ್ ಮಾಡಿದಳು. "ನಕ್ಷೆ ಸರಿ ಮಾಡೋಕೆ ಏರಿ ಸುತ್ತ ನೆಲದ ಮೇಲೆ ಗುರುತು ಹಾಕಿ ಅಳೀಬೇಕಿತ್ತು."

"ಬ್ಯಾಡ ಕಣವ್ವ. ಮರಿಯಾನೆ ಕಟ್ಕೊಂಡು ಇಂಡು ಅಲ್ಲೇ ನಿಂತೈತೆ. ಕಾಲಿಟ್ರೆ ತುಳ್ದಾಕ್ಬುಡ್ತವೆ."

ಮಧ್ಯಾಹ್ನ ಅವಳು ಜೀಪಿನಲ್ಲಿ ಕೆರೆಯ ಕಡೆ ಬಂದಿಳಿದಾಗ ಗೋಪಾಲಸ್ವಾಮಿ ಬೆಟ್ಟ ಮೋಡದೊಳಗೆ ಮುಚ್ಚಿಹೋಗಿತ್ತು. ಅವಳೂ ಚಿಕ್ಕಮಾದುವೂ ಹಿಂಡಿನಿಂದ ದೂರದ ಪಂಪ್‌ಹೌಸಿನ ತಾರಸಿ ಹತ್ತಿದರು. ಗುರುತುಗಳಿಲ್ಲದೆ ಬಾಗು ತೆಗೆಯಲು ಉಳಿದಿದ್ದು ಒಂದೇ ದಾರಿ: ಕ್ಯಾಮೆರಾ ಓರೆ ಮಾಡಿ, ಎರಡು ಎತ್ತರದಲ್ಲಿ, ಅಡ್ಡಡ್ಡ ಹಾರಿಸುವುದು. ಒಂದೇ ಜಾಗವನ್ನು ಹಲವು ಕೋನಗಳಿಂದ ಕಂಡರೆ ಲೆನ್ಸಿನ ತಪ್ಪು ಅಡಗಿಕೊಳ್ಳಲಾರದು.

ಡ್ರೋನ್ ಏರಿಯ ಮೇಲೆ ಬರುತ್ತಿದ್ದಂತೆ ಕೈಯಲ್ಲಿನ ಪರದೆಯ ಮೇಲೆ ತಾಯಾನೆ ಕಿವಿ ಅರಳಿಸಿ ಸೊಂಡಿಲೆತ್ತಿತು.

"ಮ್ಯಾಕೆ ತಗಳವ್ವ, ಮ್ಯಾಕೆ!" ಚಿಕ್ಕಮಾದು ಪಿಸುಗುಟ್ಟಿದ. ಬೆದರಿದ ಹಿಂಡು ಏರಿಯ ಮೇಲೆ ನುಗ್ಗಿದರೆ ಅದು ಈಗಲೇ ಕುಸಿಯಬಹುದಿತ್ತು. ರೂಪಶ್ರೀ ಡ್ರೋನನ್ನು ಮೇಲೆಳೆದಳು. ಆನೆ ಸೊಂಡಿಲಿಳಿಸಿತು. ಅಷ್ಟರಲ್ಲಿ ಹನಿ ಬಿತ್ತು. ಬ್ಯಾಟರಿ ಹದಿನೆಂಟು ಪರ್ಸೆಂಟ್, ಹಾರಾಟದ ಇನ್ನೂ ಎರಡು ಸಾಲು ಬಾಕಿ. ವಾಪಸ್ ಕರೆಸಿದರೆ ನಕ್ಷೆಯ ಉಬ್ಬು ಹಾಗೇ ಉಳಿದುಬಿಡಬಹುದು. ಹನಿಯುವ ಮಳೆಯಲ್ಲೇ ಎರಡನ್ನೂ ಮುಗಿಸಿದಳು.

ದಿಣ್ಣೆಯ ಮೇಲಿನ ಊರ ಶಾಲೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಮೂರು ಗಂಟೆ ತಿಣುಕಿತು. ಕೊನೆಗೆ ನೀರಂಚಿನ ಮಟ್ಟ ಸುತ್ತಲೂ ಒಂದೇ ಬಂತು, ನಾಲ್ಕು ಬೆರಳಿನಷ್ಟು ವ್ಯತ್ಯಾಸ ಬಿಟ್ಟರೆ. ಆ ಹೊಸ ನಕ್ಷೆಯ ನೆಲದ ಮೇಲೆ ಲ್ಯಾಪ್‌ಟಾಪಿನಲ್ಲೇ ನೀರು ಹರಿಸಿ ನೋಡಿದಳು. ಅದು ಪಶ್ಚಿಮಕ್ಕೆ ತಿರುಗಿ ನೇರ ಕಾಲೋನಿಗೆ ಹೋಯಿತು. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಕಾಲೋನಿಗೆ ಓಡಿದಳು.

ಕಾಲೋನಿಯ ಮೊದಲ ಮನೆಯ ಮೂಗಮ್ಮ ಬಾಗಿಲಲ್ಲೇ ತಡೆದಳು. "ಮೊನ್ನೆ ಇರ್ರಿ ಅಂದೋಳು ನೀನೇ ಅಲ್ವಾ?"

"ಹೂಂ ಅಜ್ಜಿ. ನನ್ ನಕ್ಷೆ ತಪ್ಪಾಗಿತ್ತು."

"ಇದು ಸರಿ ಅಂತ ಎಂಗ್ ನಂಬನ?"

ರೂಪಶ್ರೀ ಎರಡೂ ಚಿತ್ರ ತೋರಿಸಿದಳು. "ಅದ್ರಲ್ಲಿ ಕೆರೆ ನೀರು ಗುಡ್ಡೆ ಥರ ಉಬ್ಬಿತ್ತು. ಇದ್ರಲ್ಲಿ ಸಮವಾಗೈತೆ, ನೋಡಿ."

ಮೂಗಮ್ಮ ನೋಡಿದಳು. ಒಳಗೆ ಹೋಗಿ ಮೇಕೆಯ ಹಗ್ಗ ಬಿಚ್ಚಿದಳು. ಹೊತ್ತು ಮುಳುಗುವುದರೊಳಗೆ ನಲವತ್ತೂ ಮನೆಯವರು ಶಾಲೆ ಸೇರಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಏರಿ ಒಡೆಯಿತು. ಕೆಂಪು ನೀರು ಕಾಲೋನಿಯ ನಡುವೆಯೇ ನುಗ್ಗಿ ಏಳು ಮನೆಗಳ ಗೋಡೆ ಕೆಡವಿತು. ಶಾಲೆಯ ಅಂಗಳದಲ್ಲಿ ರೂಪಶ್ರೀ ತಲೆ ಎಣಿಸಿದಳು. ಎಲ್ಲರೂ ಇದ್ದರು. ಆದರೂ ಮತ್ತೆ ಮೊದಲಿನಿಂದ ಎಣಿಸತೊಡಗಿದಳು.