ಕೆಂಪು ದೀಪ ಆರಿದ ಮೇಲೆ

ಸಿನಿಮಾಕ್ಕೆ ಮಾತು ಬಂದದ್ದೇ ಬಂದದ್ದು, ನಮ್ಮ ಸ್ಟುಡಿಯೊದಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. ಮೂಕಿ ಚಿತ್ರದ ಕಾಲದಲ್ಲಿ ಬಡಗಿಗಳು ಮೊಳೆ ಹೊಡೆಯುತ್ತಲೇ ಇರುತ್ತಿದ್ದರು, ಪಿಟೀಲಿನವನು ಮೂಲೆಯಲ್ಲಿ ಕುಯ್ಯುತ್ತಿದ್ದ, ನಟ ತಮಾಷೆ ಮಾಡಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಬಾಗಿಲ ಮೇಲೆ ಕೆಂಪು ದೀಪ ಹತ್ತಿತೆಂದರೆ ಸೀನುವುದಕ್ಕೂ ಭಯ. ಹಾಳು ಮೈಕು ಎಲ್ಲವನ್ನೂ ನುಂಗುತ್ತದೆ. ಒಮ್ಮೆ ಬಡಗಿಯೊಬ್ಬ ಕಿಸಕ್ಕನೆ ನಕ್ಕು ಅರ್ಧ ದಿನದ ಕೆಲಸ ನೀರುಪಾಲಾಯಿತು. ಆಮೇಲೆ ಎಲ್ಲರೂ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಿಲ್ಲುವುದನ್ನು ಕಲಿತರು.

ನನಗೇನು, ನಾನು ಕೂತು ಹಾಸ್ಯ ಬರೆಯುವವಳು. ಕಷ್ಟವೆಲ್ಲ ಅರ್ನೋ ಜಾಡೆಕ್‌ನದು. ಇದೇ ಬರ್ಲಿನ್ನಿನ ಬಿಯರು ವಾಸನೆಯ ಸಣ್ಣ ರಂಗಮಂದಿರಗಳಲ್ಲಿ ಬೆಳೆದ ನಟ ಅವನು. ಜನ ನಗದಿದ್ದರೆ ಅವನಿಗೆ ಉಸಿರೇ ಆಡದು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಕೆಂಪು ದೀಪ ಆರಿತೋ, ಹಿಡಿದಿಟ್ಟ ನಗುವನ್ನೆಲ್ಲ ಎಲ್ಲರೂ ಒಮ್ಮೆ ಬಿಟ್ಟುಬಿಡುವುದು. ಅರ್ನೋ ನಿಂತಲ್ಲೇ ಕಣ್ಣು ಮುಚ್ಚಿಕೊಂಡು ಅದನ್ನು ಕೇಳುತ್ತಿದ್ದ. ಕೇಳಿದ ಮೇಲೆಯೇ ಅವನಿಗೆ ಹಸಿವಾಗುತ್ತಿದ್ದದ್ದು.

ಅವನು ಪೋಜೆನ್ನಿನ ಯಹೂದಿ ದರ್ಜಿಯ ಮಗ, ನಾನು ಬ್ರೆಸ್ಲೌನ ಯಹೂದಿ ಹಲ್ಲು ಡಾಕ್ಟರ ಮಗಳು. ಸಂಗೀತ ಕೂಡಿಸುವವನು, ಫಿಲ್ಮು ಕತ್ತರಿಸುವವನು, ಹಣ ಹಾಕಿದವನು, ಹೀಗೆ ಕಂಪನಿಯಲ್ಲಿ ಅರ್ಧಕ್ಕರ್ಧ ನಮ್ಮವರೇ ಇದ್ದರು. ಅದನ್ನು ಯಾರೂ ಎಣಿಸುತ್ತಿರಲಿಲ್ಲ. ಎಣಿಸುವ ಕಾಲ ಮೂವತ್ಮೂರರಲ್ಲಿ ಬಂತು. ಸಂಗೀತದವನು ಹವಾ ಬದಲಾವಣೆಗೆಂದು ಪ್ಯಾರಿಸ್ಸಿಗೆ ಹೋದವನು ಬರಲೇ ಇಲ್ಲ. ಕತ್ತರಿಯವನು ವಿಯೆನ್ನಾಕ್ಕೆ ಹೋದ. ಏಪ್ರಿಲಿನ ಒಂದು ಶನಿವಾರ ನಮ್ಮವರ ಅಂಗಡಿಗಳ ಬಾಗಿಲಲ್ಲಿ, ಹೊಸದಾಗಿ ಅಧಿಕಾರಕ್ಕೆ ಬಂದ ಪಕ್ಷದ ಕಂದು ಅಂಗಿಯವರು ಗಿರಾಕಿಗಳನ್ನು ತಡೆಯುತ್ತ ಕಾಲು ಅಗಲಿಸಿಕೊಂಡು ನಿಂತರು.

ಸೋಮವಾರ ಏಣಿಯ ಸೀನು. ಅರ್ನೋ ಏಣಿ ಹತ್ತಿದ, ಏಣಿಯ ಜೊತೆ ಜಗಳವಾಡಿದ, ಕ್ಷಮೆ ಕೇಳಿ ಇಳಿದ. ದೀಪ ಆರಿತು. ಯಾರೂ ನಗಲಿಲ್ಲ. ದೀಪದವರು ತಮ್ಮ ಬೂಟು ನೋಡಿಕೊಂಡರು. ಆ ದೊಡ್ಡ ಕೊಟ್ಟಿಗೆಯಂಥ ಸ್ಟುಡಿಯೊದಲ್ಲಿ ನನ್ನ ನಗು ಒಂದೇ, ಖಾಲಿ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳಿಸಿತು.

ಕ್ಯಾಂಟೀನಿನಲ್ಲಿ ಅವನು ಬಟಾಣಿ ಸಾರನ್ನು ಕಲಕುತ್ತ ಕೂತಿದ್ದ.

"ದೀಪ ಆರಿರ್ಲಿಲ್ಲ ಅಂತ ಕಾಣತ್ತೆ ಕಣೇ, ಥೆಕ್ಲಾ."

"ಆರಿತ್ತು."

"ಹಾಗಾದ್ರೆ ನಾನೇ ಚೆನ್ನಾಗಿ ಮಾಡ್ಲಿಲ್ಲ."

"ನಿನ್ ತಲೆ! ಅವರಿಗೆ ಭಯ ಕಣೋ. ನೀನು ಮಾಡಿದ್ದಕ್ಕೆ ನಕ್ಕಿದ್ದನ್ನ ಯಾರಾದ್ರೂ ನೋಡಿಬಿಟ್ರೆ ಅಂತ. ನಿನ್ನ ಅಕ್ಕ ಆಮ್‌ಸ್ಟರ್‌ಡ್ಯಾಮಿಗೆ ಬಾ ಬಾ ಅಂತ ಬಡ್ಕೋತಿದ್ದಾಳಲ್ಲ, ಹೋಗಬಾರ್ದಾ?"

"ಹೋಗಿ ಏನ್ಮಾಡ್ಲಿ, ಚೀಸ್ ಮಾರ್ಲಾ? ಈ ಭಾಷೆ ಬಿಟ್ರೆ ನನ್ನ ಹತ್ರ ಇನ್ನೇನಿದೆ, ಈ ಮೂಗೊಂದು." ಚಮಚ ಕೆಳಗಿಟ್ಟ. "ನಾಳೆ ಟೋಪಿ ಸೀನು. ಅವರು ನಕ್ರೆ ನಾನು ಎಲ್ಲಿಗೂ ಹೋಗಲ್ಲ. ನಗದೇ ಇದ್ರೆ ಮಧ್ಯಾಹ್ನದ ರೈಲು. ಇದೇ ಮಾತು."

ಅವನು ಹೋಗಲೇಬೇಕಿತ್ತು. ಇಬ್ಬರು ಗಂಡಸರು ಅವನನ್ನು ಕೇಳಿಕೊಂಡು ಅವನ ಮನೆಯ ಹತ್ತಿರ ಬಂದಿದ್ದರು, ಮತ್ತೆ ಬರುತ್ತೇವೆ ಎಂದು ಹೇಳಿ ಹೋಗಿದ್ದರು. ನಾನು ಅದನ್ನು ನೆನಪಿಸಿ ಎಚ್ಚರಿಸಿದರೆ, ಅಭಿಮಾನಿಗಳಿರಬೇಕು ಬಿಡೇ ಎಂದ, ಪುಣ್ಯಾತ್ಮ. ಅವನು ಹೋದರೆ ನನಗೆ ಯಾರು ಎಂಬುದು ಬೇರೆ ಮಾತು. ನನ್ನ ಗಂಡ ಅಪ್ಪಟ ಜರ್ಮನ್, ಮಹಾ ಮರ್ಯಾದಸ್ಥ. ನಿನ್ನಿಂದ ನನ್ನ ನೌಕರಿಗೆ ತೊಂದರೆ ಎಂದು ಫೆಬ್ರವರಿಯಲ್ಲೇ ಪೆಟ್ಟಿಗೆ ಕಟ್ಟಿದ್ದ. ನನಗೆಂದು ಬೇರೆ ಪಾಸ್‌ಪೋರ್ಟಿರಲಿಲ್ಲ, ಹೆಂಡತಿಯೆಂದು ನನ್ನ ಹೆಸರು ಅವನದರೊಳಗೇ ಇತ್ತು. ಅದೂ ಅವನ ಜೊತೆಗೇ ಹೋಯಿತು.

ಮರುದಿನ ಅರ್ನೋ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ನಿರ್ದೇಶಕ ವಿಲ್ಕೆ ಎಲ್ಲರನ್ನೂ ಹತ್ತಿರ ಕರೆದ.

"ನೋಡ್ರಪ್ಪಾ, ಆ ಮನುಷ್ಯನ ಕೆಲಸ ಇನ್ನೂ ಸ್ವಲ್ಪ ಇದೆ. ಮಧ್ಯದಲ್ಲಿ ಎದ್ದು ಹೋದ್ರೆ ಚಿತ್ರ ಮೂರಾಬಟ್ಟೆ. ದೀಪ ಆರಿದ ತಕ್ಷಣ ಜೋರಾಗಿ ನಕ್ಕುಬಿಡಿ. ಕೆಲಸ ಮುಗೀಲಿ, ಆಮೇಲೆ ಅವನ್ಯಾರೋ ನಾವ್ಯಾರೋ." ನನ್ನ ಕಡೆ ತಿರುಗಿದ. "ನೀವೂ ಅಷ್ಟೇ, ಥೆಕ್ಲಾ."

ನಾನು ಬಣ್ಣದ ಕೋಣೆಗೆ ಓಡಿದೆ. ಅರ್ನೋ ಕನ್ನಡಿಯಲ್ಲೇ ನನ್ನನ್ನು ನೋಡಿ ಬೆರಳೆತ್ತಿದ. "ಮಾತಾಡ್ಬೇಡ. ಸೀನು ಕೆಡತ್ತೆ." ನಿನಗೆ ಬರುವ ನಗು ಅಪ್ಪಣೆಯ ನಗು ಎಂದು ಅವನಿಗೆ ಹೇಗೆ ಹೇಳಲಿ? ತಿರುಗಿ ಬಂದು ಕ್ಯಾಮೆರಾದ ಹಿಂದೆ ನಿಂತೆ.

ಸೀನು ಇಷ್ಟೇ. ಗಿರಾಕಿ ಟೋಪಿ ಅಂಗಡಿಗೆ ಬಂದು ತನ್ನ ಟೋಪಿ ತೆಗೆದಿಡುತ್ತಾನೆ. ಯಾವುದೂ ಅವನಿಗೆ ಒಪ್ಪಿಗೆಯಾಗುವುದಿಲ್ಲ. ಕೊನೆಗೆ ಅಂಗಡಿಯ ಗುಮಾಸ್ತನಾದ ಅರ್ನೋ ಗಿರಾಕಿಯದೇ ಟೋಪಿಯನ್ನು ಬ್ರಷ್ಷಿನಿಂದ ಒರೆಸಿ ತೋರಿಸುತ್ತಾನೆ. "ಇದೇ! ಇದೇ ನೋಡಿ ನಾನು ಹುಡುಕ್ತಿದ್ದದ್ದು!" ಎನ್ನುತ್ತಾನೆ ಗಿರಾಕಿ. ನಾನು ಬರೆದದ್ದು ಅಲ್ಲಿಗೆ ಮುಗಿದಿತ್ತು. ಅರ್ನೋ ಟೋಪಿಯನ್ನು ಎದೆಗವಚಿಕೊಂಡು ಹಿಂದೆ ಸರಿದ. "ಇಲ್ಲ ಸ್ವಾಮಿ, ಇದು ಕೊಡೋಕಾಗಲ್ಲ. ಇದರ ಯಜಮಾನರು ಯಾವಾಗ ಬೇಕಾದ್ರೂ ಬರ್ತಾರೆ." ಗಿರಾಕಿ ಅಂಗಲಾಚತೊಡಗಿದ. ನಾನು ಶಾಲನ್ನು ಬಾಯಿಗೆ ತುರುಕಿಕೊಂಡೆ. ನಗು ತಡೆದು ತಡೆದು ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ದೀಪ ಆರಿತು. ಎಲ್ಲರೂ ನಕ್ಕರು. ಒಟ್ಟಿಗೇ ಶುರು ಮಾಡಿದರು, ಒಟ್ಟಿಗೇ ನಿಲ್ಲಿಸಿದರು. ಅರ್ನೋ ಕಣ್ಣು ಮುಚ್ಚಿಕೊಂಡು ನಿಂತಿದ್ದ, ಅವನ ಮುಖ ಅರಳಿತ್ತು. ಅಯ್ಯೋ, ಅವನು ನಂಬಿಬಿಟ್ಟಿದ್ದ! ಕಣ್ಣು ತೆರೆದು ನನ್ನನ್ನು ಹುಡುಕಿದ. ನಗು ನನ್ನ ಗಂಟಲಲ್ಲೇ ಇತ್ತು, ಬಾಯಿ ತೆರೆದರೆ ಸಾಕಿತ್ತು. ನಕ್ಕರೆ ಅವನು ಉಳಿಯುತ್ತಾನೆ, ನಾಳೆಯೂ ನನ್ನೆದುರು ಕೂತು ಸಾರು ಕಲಕುತ್ತಾನೆ. ನಾನು ಶಾಲು ತೆಗೆದು, ಹಲ್ಲು ಕಚ್ಚಿ, ಸುಮ್ಮನೆ ಅವನನ್ನೇ ನೋಡಿದೆ.

ಅವನು ನನ್ನನ್ನು ನೋಡಿದ, ಅವರನ್ನು ನೋಡಿದ. ಮೆಲ್ಲಗೆ ಕೇಳಿದ: "ಇನ್ನೊಂದ್ಸಲ ನಗ್ತೀರಾ?"

ಅವರು ವಿಲ್ಕೆಯ ಮುಖ ನೋಡಿಕೊಂಡು ಇನ್ನೊಂದು ಸಲ ನಕ್ಕರು.

ಅರ್ನೋ ಗುಮಾಸ್ತನ ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟ. ಬಾಗಿಲವರೆಗೆ ನಾನೂ ಹೋದೆ.

"ಚೆನ್ನಾಗಿತ್ತಾ?" ಎಂದ.

"ಇಷ್ಟು ಚೆನ್ನಾಗಿ ನೀನು ಯಾವತ್ತೂ ಮಾಡಿರ್ಲಿಲ್ಲ ಕಣೋ."

"ನೀನೂ ಬಾರೇ."

"ಪಾಸ್‌ಪೋರ್ಟ್ ಮಾಡಿಸ್ಕೊಂಡು ಬರ್ತೀನಿ. ನೀನು ಮೊದಲು ರೈಲು ಹತ್ತು." ಕೆನ್ನೆಯ ಮೇಲೆ ಉಳಿದಿದ್ದ ಬಣ್ಣ ಒರೆಸಿಕೊಳ್ಳುತ್ತ ಅವನು ಬಿಸಿಲಿಗೆ ಇಳಿದು ಹೋದ.

ವಿಲ್ಕೆ ಕೆಂಡವಾಗಿದ್ದ. "ಒಂದು ನಗು! ಅಷ್ಟೂ ಆಗ್ಲಿಲ್ವಾ ನಿಮ್ ಕೈಲಿ? ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ."

"ಬರೆದವಳು ನಾನು. ಎಲ್ಲಿ ನಗ್ಬೇಕು ಅಂತ ನಿಮ್ಮಿಂದ ಕಲೀಬೇಕಾಗಿಲ್ಲ" ಎಂದು ಹೇಳಿ ಟ್ರಾಮು ಹತ್ತಿದೆ.

ಟ್ರಾಮಿನಲ್ಲಿ ಕೂತ ಮೇಲೆ ಅದು ಬಂತು, ನುಂಗಿಕೊಂಡ ನಗು. ಆ ಟೋಪಿ ಎದೆಗವಚಿಕೊಂಡವನ ಮುಖ ನೆನಪಾಯಿತು, ಅಷ್ಟೇ. ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಪಕ್ಕದಲ್ಲಿ ಕೋಸಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ತಿವಿದಳು. "ಏನಮ್ಮಾ ಅದು, ನಮಗೂ ಹೇಳಿ, ನಾವೂ ಸ್ವಲ್ಪ ನಗ್ತೀವಿ."

ಹೇಳಿದೆ. ಅರ್ನೋ ಮಾಡಿದ ಹಾಗೇ ನನ್ನ ಟೋಪಿಯನ್ನೇ ಹಿಡಿದು ತೋರಿಸಿದೆ. ಮೊದಲು ಅವಳು ನಕ್ಕಳು, ಆಮೇಲೆ ಎದುರಿನ ಮುದುಕ. ಹಿಂದಿನ ಸೀಟಿನವರಿಗೆ ತಡವಾಗಿ ಅರ್ಥವಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಂಡಕ್ಟರು. ಕೋಟಿನ ಮೇಲೆ ಆ ಕಂದು ಅಂಗಿಯವರ ಪಕ್ಷದ ಬಿಲ್ಲೆ ಸಿಕ್ಕಿಸಿಕೊಂಡಿದ್ದವನು ಕಂಬ ಹಿಡಿದುಕೊಂಡು ಕಣ್ಣೊರೆಸಿಕೊಂಡ. "ಯಜಮಾನರು ಬರ್ತಾರಂತೆ! ಅಯ್ಯಯ್ಯೋ! ಇನ್ನೊಂದ್ಸಲ ಹೇಳಿ ಮೇಡಂ."

ಯಾರ ಅಪ್ಪಣೆಯೂ ಇಲ್ಲದ ಅಪ್ಪಟ ನಗು ಅದು. ಅರ್ನೋ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ನಿಂತುಬಿಡುತ್ತಿದ್ದ, ಈ ಊರು ಬಿಟ್ಟು ಕದಲುತ್ತಿರಲಿಲ್ಲ. ಸದ್ಯ, ಅವನು ಇಲ್ಲಿಲ್ಲ ಎಂದುಕೊಂಡೆ. ಎಂದುಕೊಂಡ ಮೇಲೆ ನನ್ನ ನಿಲ್ದಾಣ ಬಂದರೂ ಏಳಲಾಗದೆ ಕೂತೇ ಇದ್ದೆ.