ಸೋರುವ ಟ್ಯಾಂಕುಗಳ ರಿಪೋರ್ಟು

ವೀರೇಂದ್ರನನ್ನು ಸುಮ್ಮನೆ ಬಿಡುವುದಿಲ್ಲವೆಂದು ತಮ್ಮನ ಕೆಲಸ ಹೋದ ದಿನವೇ ಸುಮನಾ ಹಲ್ಲು ಕಚ್ಚಿ ತೀರ್ಮಾನಿಸಿದ್ದಳು. ಸವಳಂಗ ರಸ್ತೆಯ ಸೋಲಾರ್ ಹೀಟರ್ ಕಂಪನಿಗೆ ಅವನು ಮ್ಯಾನೇಜರ್. ಅಲ್ಲಿನ ರಿಪೋರ್ಟ್ ಮಾಡಿಕೊಡುವವಳು ಇವಳು. ತಮ್ಮ ಯೋಗರಾಜ್ ಅದೇ ಕಂಪನಿಯ ಭದ್ರಾವತಿ ಕಡೆಯ ಮೆಕ್ಯಾನಿಕ್. ಸೋರುವ ಟ್ಯಾಂಕುಗಳ ದೂರೆಲ್ಲ ಯೋಗರಾಜನ ಹೆಸರಿಗೇ ಇದೆಯೆಂದು, ಸುಮನಾಳೇ ಮಾಡಿಕೊಟ್ಟ ರಿಪೋರ್ಟ್ ತೋರಿಸಿ ವೀರೇಂದ್ರ ಅವನನ್ನು ಮನೆಗೆ ಕಳಿಸಿದ್ದ.

"ನಾನೇನ್ ಮಾಡ್ಲಿ ಮಾರಾಯ್ತಿ? ರಿಪೋರ್ಟೇ ಹೇಳ್ತಿದೆ," ಎಂದು ನಕ್ಕಿದ್ದ ಬೇರೆ.

ಹಾಳಾದ ಪದ್ಧತಿ ಅದು! ಟ್ಯಾಂಕನ್ನು ಕೊನೆಗೆ ಮುಟ್ಟಿದವನ ಹೆಸರಿಗೆ ದೂರು ಬೀಳುತ್ತಿತ್ತು. ಬೇರೆಯವರು ಕೂರಿಸಿದ್ದು ಸೋರಿದರೂ ಕರೆದಲ್ಲಿಗೆ ಓಡುತ್ತಿದ್ದವನು ಯೋಗರಾಜ್ ಒಬ್ಬನೇ. ಇಲ್ಲ ಅನ್ನಲು ಬಾರದವನ ತಲೆಗೆ ಎಲ್ಲ ಕಟ್ಟಿದ್ದರು.

ಸುಮನಾ ಕಂಪ್ಯೂಟರಿನಲ್ಲಿ ದೂರುಗಳ ಟೇಬಲ್ಲಿಗೆ ಟ್ಯಾಂಕು ಕೂರಿಸಿದವರ ಟೇಬಲ್ಲನ್ನು ಜೋಡಿಸಿದಳು. ಮೊದಲು ಕೂರಿಸಿದವನ ಹೆಸರಿನಲ್ಲಿ ಲೆಕ್ಕ ಹಾಕಿಸಿದಳು. ವಿನೋಬನಗರ, ರವೀಂದ್ರನಗರದ ದೂರುಗಳೆಲ್ಲ ಯೋಗರಾಜನ ಹೆಸರಿನಿಂದ ಎದ್ದುಹೋಗಿ ಪ್ರಣವನ ಹೆಸರಿನಡಿ ಕೂತವು. ಟ್ಯಾಂಕು ಕೂರಿಸುವ ಈ ಪ್ರಣವ ವೀರೇಂದ್ರನ ಭಾಮೈದ. ಖುಷಿ ತಡೆಯಲಾರದೆ ಅವಳು ಇನ್ನೊಂದು ಲೋಟ ಕಾಫಿ ತರಿಸಿಕೊಂಡಳು.

ತಿಂಗಳ ಮೀಟಿಂಗಿನಲ್ಲಿ ಯಜಮಾನ ಮುರುಗೇಶಪ್ಪನವರ ಎದುರಿಗೇ ಮೌಸನ್ನು ವೀರೇಂದ್ರನ ಕೈಗೆ ಕೊಟ್ಟಳು. "ಹೊಸ ಬಟನ್ ಇಟ್ಟಿದೀನಿ ಸಾರ್, ನೀವೇ ಒತ್ತಿ."

ಒತ್ತಿದ. ಪರದೆಯ ಮೇಲೆ ಯೋಗರಾಜನ ಕಂಬ ಕುಸಿದು ಪ್ರಣವನದು ಮೇಲಕ್ಕೆ ಹೋಯಿತು. ಮುರುಗೇಶಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಈ ಪ್ರಣವನನ್ನ ಇವತ್ತೇ ಕೆಲಸದಿಂದ ಬಿಡಿಸಿ. ಆ ಯೋಗರಾಜನ್ನ ವಾಪಸ್ ಕರೀರಿ," ಎಂದರು.

ಮಧ್ಯಾಹ್ನ ವೀರೇಂದ್ರ ಅವಳ ಕುರ್ಚಿಯ ಬಳಿ ಬಂದು ನಿಂತ. ಮುಖ ಇಷ್ಟು ಸಣ್ಣಗಾಗಿತ್ತು.

"ಬೇಸಿಗೇಲಿ ಬಂದ ಒಂದು ಲೋಡ್ ಟ್ಯಾಂಕೇ ಸರಿಯಿರ್ಲಿಲ್ಲ ಸುಮನಾ, ಅದನ್ನೆಲ್ಲ ಪ್ರಣವನೇ ಕೂರಿಸಿದ್ದ. ತರಿಸಿದ್ದು ನಾನೇ, ಮೀಟಿಂಗಲ್ಲಿ ಬಾಯಿ ಬಿಡೋಕಾಗ್ಲಿಲ್ಲ. ಆ ಲೋಡಿನ ದೂರು ಬಿಟ್ಟು ಫಿಲ್ಟರ್ ಹಾಕಿ ಯಜಮಾನರಿಗೆ ತೋರ್ಸು. ಹುಡುಗಂಗೆ ಮದುವೆ ಗೊತ್ತಾಗಿದೆ."

ಅವನು ಹೇಳಿದ್ದು ನಿಜ. ಆ ಫಿಲ್ಟರನ್ನು ಅವಳು ಮೊದಲೇ ಹಾಕಿ ನೋಡಿದ್ದಳು. ಆಗ ಪ್ರಣವನ ಹೆಸರಿನ ಮುಂದೆ ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. ಹುಡುಗನ ಕೆಲಸ ಅಚ್ಚುಕಟ್ಟಾಗಿತ್ತು. ಅದಕ್ಕೇ ಫಿಲ್ಟರನ್ನು ತೆಗೆದುಬಿಟ್ಟಿದ್ದಳು.

"ನಾನೇನ್ ಮಾಡ್ಲಿ ಸಾರ್? ರಿಪೋರ್ಟೇ ಹೇಳ್ತಿದೆ," ಎನ್ನುತ್ತ ಸುಮನಾ ಊಟದ ಡಬ್ಬಿ ಬಿಚ್ಚಿದಳು.