ಪೈನ್ ಮರಕ್ಕೆ ಮೂರು ಏಟು

ಹಂದಿ ಜೋಥಮ್ ಡೌನದು, ಕುಂಬಳದ ಹಿತ್ತಿಲು ಎನಾಕ್ ಪರ್ಹಮ್‌ನದು. ಚಳಿಗಾಲಕ್ಕೆಂದು ಬಿಟ್ಟಿದ್ದ ಕಾಯಿಗಳನ್ನೆಲ್ಲ ಹಂದಿ ಒಂದೇ ಬೆಳಿಗ್ಗೆ ಸೂರೆ ಮಾಡಿತು. ಎನಾಕ್ ಕೇಳಲು ಹೋದರೆ, ಬೇಲಿ ಸರಿಯಾಗಿದ್ದರೆ ಹಂದಿ ಯಾಕೆ ಬರುತ್ತಿತ್ತು ಎಂದು ಜೋಥಮ್ ಚಿಲುಮೆ ಸೇದುತ್ತಲೇ ಕೇಳಿದ. ಎನಾಕನಿಗೆ ಮೈಯೆಲ್ಲ ಉರಿದುಹೋಯಿತು.

ಇಂಗ್ಲೆಂಡಿನ ರಾಜ ಅಮೆರಿಕವನ್ನು ಆಳುತ್ತಿದ್ದ ಆ ಕಾಲದ ನ್ಯೂ ಹ್ಯಾಂಪ್‌ಶೈರಿನಲ್ಲಿ ಸೇಡು ತೀರಿಸಿಕೊಳ್ಳಲು ಒಂದು ಕೊಡಲಿ ಸಾಕಿತ್ತು. ಆ ಸೀಮೆಯ ದಪ್ಪ ಪೈನ್ ಮರಗಳೆಲ್ಲ ಲಂಡನ್ನಿನಲ್ಲಿ ಕೂತ ರಾಜನ ಹಡಗುಗಳಿಗೆ ಮೀಸಲು. ಅವನ ಅಧಿಕಾರಿ ಬಂದು ಬುಡಕ್ಕೆ ಮೂರು ಏಟು ಹಾಕಿ ಬಾಣದ ಗುರುತು ಕೆತ್ತಿದರೆ ಮುಗಿಯಿತು. ಮರ ನಿಮ್ಮ ಜಮೀನಿನಲ್ಲೇ ನಿಂತಿರಲಿ, ಮುಟ್ಟಿದರೆ ಜೈಲು. ಗುರುತಿಲ್ಲದ ಮರದ ಗೊಡವೆಗೆ ಯಾರೂ ಬರುತ್ತಿರಲಿಲ್ಲ.

ಆ ಭಾನುವಾರ ಊರೆಲ್ಲ ಪ್ರಾರ್ಥನೆಗೆ ಹೋದಾಗ ಎನಾಕ್ ಹಲ್ಲುನೋವೆಂದು ಮನೆಯಲ್ಲೇ ಉಳಿದ. ಭಾನುವಾರ ಕೊಡಲಿ ಮುಟ್ಟುವುದು ಅಲ್ಲಿ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಪಾಪ. ಆದರೂ ಹೋಗಿ ಜೋಥಮನ ಅತಿ ದೊಡ್ಡ ಮರಕ್ಕೆ ಮೂರು ಏಟು ಹಾಕಿ ಬಂದ. ಮಧ್ಯಾಹ್ನ ಒಣಗಿದ ರೊಟ್ಟಿಯನ್ನು ಕಟಕಟ ಕಡಿದು ತಿಂದ. ಹೆಂಡತಿ ಡೋರ್ಕಸ್ ಅವನ ಹಲ್ಲನ್ನೇ ನೋಡಿದಳು.

ಮುಂದಿನ ಭಾನುವಾರ ಜೋಥಮನಿಗೆ ಸೊಂಟನೋವು. ಸೋಮವಾರ ನೋಡಿದರೆ ಎನಾಕನ ಮನೆ ಹಿಂದಿನ ಪೈನ್ ಮರದ ಮೇಲೂ ಬಾಣ. ಎಂಟು ವರ್ಷದಿಂದ ಡೋರ್ಕಸ್ ಮಣ್ಣಿನ ನೆಲದಲ್ಲೇ ಸಂಸಾರ ಮಾಡಿದ್ದಳು. ಅದೇ ಮರ ಕೊಯ್ಸಿ ಹಲಗೆ ಹಾಸಿಕೊಡುತ್ತೇನೆಂದು ಎನಾಕ್ ಮಾತು ಕೊಟ್ಟಿದ್ದ. ಜೋಥಮನೇ ಹಾಕಿದ್ದೆಂದು ಗೊತ್ತು. ಆದರೆ ಬಾಯಿಬಿಟ್ಟರೆ ತನ್ನದೂ ಹೊರಬೀಳುತ್ತದೆ.

ಜಗಳವಾಡಿದವರು ಇವರಿಬ್ಬರೇ ಅಲ್ಲವಲ್ಲ. ಒಬ್ಬೊಬ್ಬರಿಗೇ ಭಾನುವಾರದ ಕಾಯಿಲೆ ಶುರುವಾಯಿತು. ಪಾದ್ರಿ ಪಾಪ, ಊರಿನ ಆರೋಗ್ಯಕ್ಕಾಗಿ ವಿಶೇಷ ಪ್ರಾರ್ಥನೆ ಮಾಡಿಸಿದ. ಸಂಜೆ ಹೋಟೆಲಿನಲ್ಲಿ ಸೇಬಿನ ಹೆಂಡ ಕುಡಿಯುತ್ತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ರಾಜನನ್ನು ಬೈದರು. ಬೈಗುಳ ಮರದಿಂದ ಕಾಕಂಬಿಯ ಸುಂಕಕ್ಕೆ, ಅಲ್ಲಿಂದ ಚಹಾಕ್ಕೆ ದಾಟಿತು. ಬೈದಷ್ಟೂ ಬೈಯಲು ಕಾರಣಗಳು ಸಿಗುತ್ತಿದ್ದವು, ಅವೆಲ್ಲ ನಿಜವೂ ಆಗಿದ್ದವು.

ವಸಂತದಲ್ಲಿ ಅಧಿಕಾರಿ ಬಂದ. ಅವನ ಪಟ್ಟಿಯಲ್ಲಿ ಆ ಊರಿಗೆ ಇದ್ದದ್ದು ಒಂಬತ್ತು ಮರ. ಎಣಿಸಿದರೆ ಐವತ್ಮೂರು. ಮನುಷ್ಯ ಹಿಗ್ಗಿಹೋದ. ಇಷ್ಟು ರಾಜಭಕ್ತಿಯ ಕಾಡನ್ನು ತಾನು ಕಂಡಿಲ್ಲವೆಂದೂ, ವಾರದೊಳಗೆ ಎಲ್ಲವನ್ನೂ ಕಡಿಸಿ ಸಾಗಿಸುವುದಾಗಿಯೂ ಊರವರನ್ನು ಸೇರಿಸಿ ಹೇಳಿದ.

ಎನಾಕನಿಗೆ ತಡೆಯಲಾಗಲಿಲ್ಲ. "ಸ್ವಾಮಿ, ಆ ಗುರುತೆಲ್ಲ ನಿಮ್ಮೋರು ಹಾಕಿದ್ದಲ್ಲ" ಅಂದ.

"ಹೌದಾ? ಮತ್ಯಾರು ಹಾಕಿದ್ದು? ರಾಜನ ಗುರುತು ಕಳ್ಳತನದಲ್ಲಿ ಹಾಕಿದೋನಿಗೂ ಜೈಲಿದೆ. ಹೆಸರು ಹೇಳು, ನಿನ್ನ ಮರ ಬಿಡ್ತೀನಿ."

ಎನಾಕ್ ಜೋಥಮನನ್ನು ನೋಡಿದ. ಜೋಥಮನ ಮುಖ ಬಿಳಿಚಿಕೊಂಡಿತ್ತು. ಒಂದು ಹೆಸರು ಹೇಳಿದರೆ ಡೋರ್ಕಸಳಿಗೆ ನೆಲ. ಆದರೆ ಹಂದಿ ಬಿಡುವವನಾದರೂ ಇವನು ತನ್ನ ಊರಿನವನು. ಗುರುತು ಸುಳ್ಳೇ ಇರಬಹುದು, ಆದರೆ ಆ ಸುಳ್ಳು ಗುರುತಿಗೂ ಇಡೀ ಊರು ನಡುಗುತ್ತಿದೆಯಲ್ಲ ಎಂದು ಅವನಿಗೆ ಮೊದಲ ಸಲ ನಾಚಿಕೆಯಾಯಿತು.

"ಗೊತ್ತಿಲ್ಲ ಸ್ವಾಮಿ" ಅಂದ. "ಆದ್ರೆ ಯಾರು ಹಾಕಿದ್ರೂ ಮರ ನಮ್ದೇ."

ಮರುದಿನ ಬೆಳಿಗ್ಗೆ ಮುಖಕ್ಕೆ ಮಸಿ ಬಳಿದುಕೊಂಡ ಇಪ್ಪತ್ತು ಜನ ಅಧಿಕಾರಿ ತಂಗಿದ್ದ ಹೋಟೆಲಿಗೆ ನುಗ್ಗಿದರು. ಅವನಿಗೆ ಪೈನ್ ಬರಲಿನಲ್ಲಿ ಬೆನ್ನು ತುಂಬ ಬಾರಿಸಿ, ಬಾಲ ಬೋಳಿಸಿದ ಅವನ ಕುದುರೆ ಹತ್ತಿಸಿ ಓಡಿಸಿದರು. ಅದೇ ವಾರ ಎನಾಕನ ಮರ ಉರುಳಿಸಲು ಜೋಥಮ್ ತಾನಾಗಿ ಗರಗಸ ತಂದ. ಇಬ್ಬರೂ ಎರಡು ತುದಿ ಹಿಡಿದು ಕೊಯ್ದರು, ಗುರುತಿನ ಸುದ್ದಿ ಎತ್ತಲಿಲ್ಲ. ಡೋರ್ಕಸಳಿಗೆ ಎರಡು ಗೇಣಿಗೂ ಮಿಕ್ಕಿದ ಅಗಲದ ಹಲಗೆಯ ನೆಲವಾಯಿತು. ಬಾಣವಿದ್ದ ಹೊರಮೈ ಹಲಗೆ ಬಾಗಿಲ ಬಳಿ ಬೆಂಚಾಯಿತು.

ಮೂರು ವರ್ಷ ಕಳೆದು ದಕ್ಷಿಣದ ಊರೊಂದರಲ್ಲಿ ರಾಜನ ಸಿಪಾಯಿಗಳು ಜನರ ಮೇಲೆ ಗುಂಡು ಹಾರಿಸಿದ ಸುದ್ದಿ ಬಂತು, ಊರಿನ ಗಂಡಸರು ರಾಜನ ಮೇಲೆ ಯುದ್ಧಕ್ಕೆ ಹೊರಟರು. ಜೋಥಮ್ ಕೋವಿ ಹಿಡಿದು ಅಂಗಳದಲ್ಲಿ ಕಾಯುತ್ತಿದ್ದ. ಎನಾಕ್ ಆ ಬೆಂಚಿನ ಮೇಲೆ ಕೂತು ಬೂಟು ಕಟ್ಟಿಕೊಂಡ.

"ಅಪ್ಪ ಯಾಕೆ ಹೋದ ಅಂತ ಮಕ್ಕಳು ಕೇಳಿದ್ರೆ ಏನ್ರೀ ಹೇಳ್ಲಿ?" ಎಂದಳು ಡೋರ್ಕಸ್.

"ರಾಜ ನಮ್ಮ ಮರಕ್ಕೆ ಬಾಣದ ಗುರುತು ಹಾಕಿದ ಅಂತ ಹೇಳು."

ಅವಳು ಬೆಂಚಿನ ಮೇಲಿನ ಮೂರು ಏಟನ್ನು ಬೆರಳಿನಿಂದ ಸವರಿದಳು. ರೊಟ್ಟಿಯ ಗಂಟನ್ನು ಅವನ ಕೈಗಿಟ್ಟು, ತುಂಬಿದ ಕಣ್ಣಿಂದ ಅಂಗಳದ ಜೋಥಮನತ್ತ ನೋಡಿದಳು.

"ಆ ರಾಜನ ಹಂದಿ ಇವತ್ತಿಗೂ ನನ್ನ ಕುಂಬಳ ತಿಂತಿದೆ. ಇಬ್ರೂ ಬದುಕಿ ವಾಪಸ್ ಬನ್ನಿ. ಬೇಲಿ ಕಟ್ಟೋದಿದೆ" ಅಂದಳು.